ಆಲೂಗಡ್ಡೆಯನ್ನು ಪತ್ರದಲ್ಲೇ ಬಿಟ್ಟಿದ್ದೀರಿ

ಮಾನ್ಯ ಮೇಷ್ಟ್ರೇ,

ಗುಡಿಬಂಡೆಯಿಂದ ನೀವು ಕಳಿಸಿದ ‘ಕ್ಷುದ್ರಗ್ರಹ ಸಿಲ್ವಿಯಾ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪತ್ರಿಕೆಯಲ್ಲಿ ಹಾಕಲಾರೆ.

‘ಅನಂತ ಬ್ರಹ್ಮಾಂಡದ ಅಗಾಧ ರಹಸ್ಯ’ದಿಂದ ಶುರುವಾದ ನಿಮ್ಮ ಲೇಖನದಲ್ಲಿ ಒಂದೂವರೆ ಪುಟ ಕಳೆದರೂ ಸಿಲ್ವಿಯಾ ಬರುವುದಿಲ್ಲ. ಎಲೆ ಹಾಕುವ ಮೊದಲೇ ನೆಂಟರು ಎದ್ದುಹೋಗುತ್ತಾರೆ. ಅಷ್ಟನ್ನೂ ಹೊಡೆದುಹಾಕಿ.

ನಿಮ್ಮ ಕೈಯಲ್ಲಿದ್ದ ಕಥೆ ಎಂಥದ್ದು! 1866ರ ಮೇ 16, ಮದ್ರಾಸಿನ ವೀಕ್ಷಣಾಲಯ. ಫೋಟೊ ತೆಗೆದು ಕ್ಷುದ್ರಗ್ರಹ ಹುಡುಕುವ ಕಾಲ ಇನ್ನೂ ಬಂದಿರಲಿಲ್ಲ. ನಕ್ಷೆ ಪಕ್ಕದಲ್ಲಿಟ್ಟುಕೊಂಡು ದೂರದರ್ಶಕದಲ್ಲಿ ಒಂದೊಂದೇ ಚುಕ್ಕಿಯನ್ನು ತಾಳೆ ನೋಡಬೇಕು. ನಕ್ಷೆಯಲ್ಲಿ ಇಲ್ಲದ ಚುಕ್ಕಿ ಕಂಡರೆ, ಅದು ಕದಲುತ್ತದೆಯೇ ಎಂದು ಕಾಯಬೇಕು. ಕದಲಿದರೆ ನಕ್ಷತ್ರವಲ್ಲ. ಇಷ್ಟನ್ನೂ ನೀವು ‘ನಾರ್ಮನ್ ಪಾಗ್ಸನ್ ಎಂಬ ಮಹನೀಯರು ಕಂಡುಹಿಡಿದರು’ ಎಂದು ಒಂದೇ ಉಸಿರಿನಲ್ಲಿ ಮುಗಿಸಿದ್ದೀರಿ. ನಮ್ಮ ಕಡೆಯಿಂದ ರಾತ್ರಿ ಬಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಸಿಗುವ ಊರು ಮದ್ರಾಸು!

ತಪ್ಪುಗಳೂ ಇವೆ. ಕ್ಷುದ್ರಗ್ರಹಗಳ ಪಟ್ಟಿ ಇರುವುದು ಮಂಗಳ ಮತ್ತು ಗುರುವಿನ ನಡುವೆ, ಶನಿಯನ್ನು ಎಳೆದುತರಬೇಡಿ. ಸಿಲ್ವಿಯಾ ಅದರ ಹೊರ ಅಂಚಿನಲ್ಲಿ, ಸೂರ್ಯನಿಂದ ಸರಾಸರಿ 52 ಕೋಟಿ ಕಿ.ಮೀ. ದೂರದಲ್ಲಿ, ಸುಮಾರು ಆರೂವರೆ ವರ್ಷಕ್ಕೊಂದು ಸುತ್ತು ಹಾಕುತ್ತದೆ. ಅದು ಭೂಮಿಗೆ ಅಪ್ಪಳಿಸೀತೆಂಬ ಕೊನೆಯ ಪ್ಯಾರಾ ಸಿನಿಮಾದ್ದು, ಬೇಡ.

ಇನ್ನು, ಲೇಖನದ ಜೊತೆಗಿದ್ದ ಆ ಅರ್ಧ ಪುಟದ ಪತ್ರ. ಉದ್ದನೆಯ ಆಲೂಗಡ್ಡೆಗೆ ಅಡ್ಡಲಾಗಿ ಕಡ್ಡಿ ಚುಚ್ಚಿ, ಕತ್ತಲೆ ಕೋಣೆಯಲ್ಲಿ ಟಾರ್ಚ್ ಬಿಟ್ಟು, ತಿರುಗಿಸಿ ಮಕ್ಕಳಿಗೆ ತೋರಿಸಿದೆ ಎಂದಿದ್ದೀರಿ. ಅಗಲದ ಮಗ್ಗುಲು ಎದುರಾದಾಗ ಬೆಳಕು ಜಾಸ್ತಿ, ತುದಿ ಎದುರಾದಾಗ ಕಡಿಮೆ. ಸಿಲ್ವಿಯಾದ ಮಿನುಗು ಏರಿ ಇಳಿಯುವುದೂ ಹೀಗೆಯೇ, ಅದು ಒಮ್ಮೆ ತನ್ನ ಸುತ್ತ ತಿರುಗುವ 5 ಗಂಟೆ 11 ನಿಮಿಷದಲ್ಲಿ ಎರಡೆರಡು ಸಲ. ಬರೀ ಚುಕ್ಕಿಯಾಗಿ ಕಾಣುವ ವಸ್ತು ಉದ್ದುದ್ದವಾಗಿದೆ ಎಂಬ ಸುಳಿವು ಸಿಗುವುದು ಇದರಿಂದಲೇ. ಉದ್ದ 350 ಕಿ.ಮೀ.ಗೂ ಹೆಚ್ಚು, ಗಿಡ್ಡ ಬದಿ 200ಕ್ಕೂ ಕಡಿಮೆ. ಲೇಖನದಲ್ಲಿ ನೀವು ಬರೆದಿರುವುದು ‘ಬೃಹದಾಕಾರದ್ದು’ ಎಂದಷ್ಟೇ. ಓದುಗ ಅದನ್ನು ಇಟ್ಟುಕೊಂಡು ಏನು ಮಾಡಬೇಕು?

ಎರಡು ಉಪಗ್ರಹಗಳ ಹೆಸರು ಹೇಳಿ ಸುಮ್ಮನಾಗಿದ್ದೀರಿ. 2001ರಲ್ಲಿ ರೊಮುಲಸ್, 2004ರಲ್ಲಿ ರೀಮಸ್ ಕಣ್ಣಿಗೆ ಬಿದ್ದವು. ಎರಡು ಉಪಗ್ರಹಗಳಿವೆ ಎಂದು ಮೊದಲು ಗೊತ್ತಾದ ಕ್ಷುದ್ರಗ್ರಹ ಸಿಲ್ವಿಯಾ. ಆದರೆ ಅವು ಬರೀ ಅಲಂಕಾರವಲ್ಲ, ತಕ್ಕಡಿ. ರೊಮುಲಸ್ ಎಷ್ಟು ದೂರದಲ್ಲಿ, ಎಷ್ಟು ದಿನಕ್ಕೆ ಸುತ್ತುತ್ತದೆ (ಮೂರೂವರೆ ದಿನಕ್ಕಿಂತ ಸ್ವಲ್ಪ ಹೆಚ್ಚು) ಎಂದು ತಿಳಿದರೆ ಸಿಲ್ವಿಯಾದ ದ್ರವ್ಯರಾಶಿ ಲೆಕ್ಕಕ್ಕೆ ಸಿಗುತ್ತದೆ. ಅದನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ ನೀರಿನ ಒಂದೂವರೆ ಪಟ್ಟನ್ನೂ ಮುಟ್ಟುವುದಿಲ್ಲ. ನಮ್ಮ ನಂದಿ ಬೆಟ್ಟದ ಬಂಡೆ ನೀರಿನ ಎರಡೂವರೆ ಪಟ್ಟಿಗೂ ಹೆಚ್ಚು. ಹಾಗಾದರೆ ನೀವು ಬರೆದ ‘ಅಖಂಡ ಶಿಲೆ’ ಎಲ್ಲಿಂದ ಬಂತು? ಒಳಗೆ ಟೊಳ್ಳು ಸಂದುಗಳೋ ಮಂಜುಗಡ್ಡೆಯೋ ಸಾಕಷ್ಟು ಇರಲೇಬೇಕು. ಕ್ರಷರ್ ಮುಂದಿನ ಜಲ್ಲಿ ರಾಶಿಯನ್ನು ದಿನಾ ನೋಡುವ ನಿಮಗೆ ಹೋಲಿಕೆ ಹುಡುಕುವ ಕಷ್ಟವಿಲ್ಲ.

ಆಲೂಗಡ್ಡೆಯಿಂದಲೇ ಶುರುಮಾಡಿ ಮತ್ತೆ ಬರೆಯಿರಿ. ಮೂರು ಪುಟ ಸಾಕು, ಹಾಳೆಯ ಒಂದೇ ಬದಿಗೆ. ಈ ಸಲ ಹಿಂಬದಿಯ ಶಾಯಿ ಮೂಡಿ ಅಂಕಿಗಳೇ ಕಲಸಿಹೋಗಿವೆ. ‘ಮೇಲಿರುವುದಕ್ಕೆ ಕಡ್ಡಿ ಚುಚ್ಚಿದವರು ಯಾರು ಸಾರ್?’ ಎಂದು ಒಬ್ಬ ಹುಡುಗಿ ಕೇಳಿದಳೆಂದು ಪತ್ರದ ಕೊನೆಯಲ್ಲಿದೆ. ನೀವೇನು ಉತ್ತರ ಕೊಟ್ಟಿರೋ ಬರೆದಿಲ್ಲ. ಅದೂ ಲೇಖನದಲ್ಲಿ ಬರಲಿ.

ಇತಿ,
ಸಂಪಾದಕ
ಚಿಕ್ಕಬಳ್ಳಾಪುರ