ರೆಡ್ ಸ್ಟಾರ್ ಗೆದ್ದ ಕಪ್ಪು ಯಾವ ದೇಶದ್ದು? – ಸಂಪಾದಕರ ಉತ್ತರ

ಮಾನ್ಯರೇ,

ಹಾಸನದಿಂದ ತಾವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಕಳೆದ ಸಂಚಿಕೆಯ ಕ್ರೀಡಾ ಪುಟದಲ್ಲಿ ಬೆಲ್‌ಗ್ರೇಡಿನ ರೆಡ್ ಸ್ಟಾರ್ ಫುಟ್‌ಬಾಲ್ ಕ್ಲಬ್ಬನ್ನು ಲೇಖನದೊಳಗೆ ‘ಸರ್ಬಿಯಾದ ತಂಡ’ ಎಂದೂ ಚಿತ್ರದ ಅಡಿಬರಹದಲ್ಲಿ ‘ಯುಗೊಸ್ಲಾವಿಯಾದ ತಂಡ’ ಎಂದೂ ಬರೆದಿದ್ದೆವು. ಸರ್ಬಿಯಾ ಯುಗೊಸ್ಲಾವಿಯಾ ಒಕ್ಕೂಟದ ಒಂದು ಗಣರಾಜ್ಯವಾಗಿತ್ತು; ಆ ಒಕ್ಕೂಟ 1991ರಿಂದ ಯುದ್ಧದಲ್ಲಿ ಒಡೆದುಹೋಯಿತು. ಎರಡು ಹೆಸರುಗಳಲ್ಲಿ ಯಾವುದು ಸರಿ ಎಂದು ತಾವು ಕೇಳಿದ್ದೀರಿ. 1991ರ ಯುರೋಪಿಯನ್ ಕಪ್ (ಇಂದಿನ ಚಾಂಪಿಯನ್ಸ್ ಲೀಗ್) ಫೈನಲ್‌ನಲ್ಲಿ ನೂರಿಪ್ಪತ್ತು ನಿಮಿಷ ಆಡಿಯೂ ಒಂದು ಗೋಲು ಹೊಡೆಯದೆ ಪೆನಾಲ್ಟಿಯಲ್ಲಿ ಗೆದ್ದ ತಂಡವನ್ನು ನಾವು ಅತಿಯಾಗಿ ಹೊಗಳಿದೆವು, ಅದು ಬರೀ ಅದೃಷ್ಟದ ಗೆಲುವು ಎಂದು ಆಕ್ಷೇಪಿಸಿದ್ದೀರಿ. ಆ ಕ್ಲಬ್ಬು ಮತ್ತೆಂದೂ ಆ ಎತ್ತರಕ್ಕೆ ಏರದಿದ್ದುದಕ್ಕೆ ಯುದ್ಧವೊಂದೇ ಕಾರಣವೇ ಎಂದೂ ಕೇಳಿದ್ದೀರಿ. ಮೂರೂ ಒಂದಕ್ಕೊಂದು ಹೆಣೆದುಕೊಂಡ ಪ್ರಶ್ನೆಗಳಾದ್ದರಿಂದ ಒಟ್ಟಾಗಿಯೇ ಉತ್ತರಿಸುತ್ತೇನೆ.

ಅದೃಷ್ಟದ ಮಾತಿನಿಂದಲೇ ಆರಂಭಿಸೋಣ, ಏಕೆಂದರೆ ಅದನ್ನು ನಾನು ಒಪ್ಪುವುದಿಲ್ಲ. 1991ರ ಮೇ 29ರಂದು ಇಟಲಿಯ ಬಾರಿ ನಗರದಲ್ಲಿ ಫ್ರಾನ್ಸಿನ ಮಾರ್ಸೇ ತಂಡದ ವಿರುದ್ಧ ನಡೆದ ಫೈನಲ್ ನೋಡಲು ಸಪ್ಪೆಯಾಗಿತ್ತು ಎಂಬುದು ನಿಜ. ಕೋಚ್ ಲ್ಯುಪ್ಕೊ ಪೆತ್ರೊವಿಚ್ ತಮ್ಮ ಹುಡುಗರನ್ನು ಹಿಂದಕ್ಕೆ ಎಳೆದುಕೊಂಡು, ಪಾಪಾಂ ಮತ್ತು ವಾಡಲ್ ಇದ್ದ ಮಾರ್ಸೇಗೆ ಚೆಂಡು ಬಿಟ್ಟುಕೊಟ್ಟು, ಗೋಲು ಬಿಡದೆ ಕಾಯುವ ಆಟ ಆಡಿಸಿದರು. ಪೆನಾಲ್ಟಿಯಲ್ಲಿ ಮಾರ್ಸೇಯ ಅಮೊರೊಸ್ ಹೊಡೆದ ಮೊದಲ ಚೆಂಡನ್ನೇ ನಾಯಕ ಮತ್ತು ಗೋಲ್‌ಕೀಪರ್ ಸ್ಟೆವಾನ್ ಸ್ಟೊಯಾನೊವಿಚ್ ತಡೆದರು. ರೆಡ್ ಸ್ಟಾರ್‌ನ ಐವರೂ ತಪ್ಪದೆ ಗೋಲು ಸೇರಿಸಿದರು. ಕೊನೆಯ ಹೊಡೆತ ದಾರ್ಕೊ ಪಾಂಚೆವ್ ಅವರದು. 5-3. ಆದರೆ ಒಂದೇ ರಾತ್ರಿಯ ಆಟ ನೋಡಿ ತಂಡವನ್ನು ಅಳೆಯಬಾರದು. ಅದೇ ತಂಡ ಐದು ವಾರಗಳ ಹಿಂದೆ ಸೆಮಿಫೈನಲ್‌ನಲ್ಲಿ ಜರ್ಮನಿಯ ಬಯರ್ನ್ ಮ್ಯೂನಿಕ್ ವಿರುದ್ಧ ಹೇಗೆ ಆಡಿತು ಎಂಬುದನ್ನೂ ನೋಡಬೇಕು.

ಮ್ಯೂನಿಕ್‌ನಲ್ಲಿ ನಡೆದ ಮೊದಲ ಪಂದ್ಯದಲ್ಲಿ ಬಯರ್ನ್ ಮೊದಲು ಗೋಲು ಹೊಡೆಯಿತು. ಆಮೇಲೆ ರೆಡ್ ಸ್ಟಾರ್‌ನ ಪ್ರೊಸಿನೆಚ್ಕಿ ತಮ್ಮ ಅರ್ಧದಿಂದಲೇ ಬಲಬದಿಗೆ ಉದ್ದನೆಯ ಪಾಸ್ ಬಿಟ್ಟರು. ಬಿನಿಚ್ ಓಡುತ್ತಲೇ ಅದನ್ನು ಅಡ್ಡಕ್ಕೆ ದಾಟಿಸಿದರು. ಪಾಂಚೆವ್ ಗೋಲಿಗೆ ತಳ್ಳಿದರು. ಎದುರಾಳಿ ತಿರುಗಿ ನೋಡುವುದರೊಳಗೆ ಮುಗಿದುಹೋದ ಕೆಲಸ ಅದು. ನಂತರ ಸವಿಚೆವಿಚ್ ಒಬ್ಬರೇ ಚೆಂಡಿನೊಂದಿಗೆ ನುಗ್ಗಿ ಎರಡನೆಯದನ್ನು ಹೊಡೆದರು. ಏಪ್ರಿಲ್ 24ರಂದು ಬೆಲ್‌ಗ್ರೇಡಿನಲ್ಲಿ ನಡೆದ ಮರುಪಂದ್ಯದಲ್ಲಿ ಮಿಹಾಯ್ಲೊವಿಚ್ ಫ್ರೀ ಕಿಕ್‌ನಿಂದ ಮುನ್ನಡೆ ಕೊಟ್ಟರೂ ಬಯರ್ನ್ ಎರಡು ಗೋಲು ಹೊಡೆದು ಒಟ್ಟು ಲೆಕ್ಕವನ್ನು ಸಮ ಮಾಡಿತು. ತೊಂಬತ್ತನೆಯ ನಿಮಿಷದಲ್ಲಿ ಎಡಬದಿಯಿಂದ ಮಿಹಾಯ್ಲೊವಿಚ್ ಒದ್ದ ಚೆಂಡನ್ನು ತಡೆಯಲು ಬಯರ್ನ್‌ನ ಔಗೆಂಥಾಲರ್ ಜಾರುತ್ತ ಕಾಲು ಚಾಚಿದರು. ಚೆಂಡು ಅವರ ಕಾಲಿಗೆ ತಗುಲಿ ಕಮಾನಿನಂತೆ ಮೇಲೆದ್ದು, ಹಿಂದಕ್ಕೆ ವಾಲಿದ್ದ ಕೀಪರ್ ಔಮಾನ್ ಅವರ ಬೆರಳ ತುದಿ ಸವರಿಕೊಂಡು ಬಲೆಯೊಳಗೆ ಬಿತ್ತು. ಆ ಕ್ಷಣದಲ್ಲಿ ಅದೃಷ್ಟ ಇತ್ತು, ಅದನ್ನು ಒಪ್ಪುತ್ತೇನೆ. ಆದರೆ ಅಲ್ಲಿಯವರೆಗೆ ಬಂದದ್ದು ಆಟದ ಬಲದಿಂದ. ಅದೃಷ್ಟದ ಲೆಕ್ಕವನ್ನೇ ಹಾಕುವುದಾದರೆ 1988ರ ನವೆಂಬರ್ 9ನ್ನೂ ಸೇರಿಸಬೇಕು. ಅಂದು ಬೆಲ್‌ಗ್ರೇಡಿನಲ್ಲಿ ಇಟಲಿಯ ಎ.ಸಿ. ಮಿಲಾನ್ ವಿರುದ್ಧ ರೆಡ್ ಸ್ಟಾರ್ 1-0 ಮುಂದಿತ್ತು, ಮಿಲಾನ್ ಹತ್ತೇ ಆಟಗಾರರಿಗೆ ಇಳಿದಿತ್ತು. ಅಷ್ಟರಲ್ಲಿ ಮೈದಾನಕ್ಕೆ ದಟ್ಟ ಮಂಜು ಕವಿದು ಪಂದ್ಯ ನಿಂತಿತು. ಮರುದಿನ ಮೊದಲಿನಿಂದ ಆಡಿಸಿದಾಗ 1-1 ಆಗಿ, ಪೆನಾಲ್ಟಿಯಲ್ಲಿ ಮಿಲಾನ್ ಗೆದ್ದಿತು. ಆ ವರ್ಷದ ಕಪ್ಪು ಮಿಲಾನ್ ಪಾಲಾಯಿತು.

ಈಗ ಆ ತಂಡವನ್ನು ಕಟ್ಟಿದ ರೀತಿಗೆ ಬರುತ್ತೇನೆ. ತಮ್ಮ ಮೊದಲ ಪ್ರಶ್ನೆಗೆ ಉತ್ತರ ಇರುವುದೂ ಅಲ್ಲಿಯೇ. ಕ್ಲಬ್ಬಿನ ಹಿಂದಿನ ಮಹಾನ್ ಆಟಗಾರ ದ್ರಾಗಾನ್ ಜಾಯಿಚ್, ಎಂಬತ್ತರ ದಶಕದ ನಡುವಿನಲ್ಲಿ ಆಡಳಿತದ ಹೊಣೆ ಹೊತ್ತು, ಯುರೋಪಿಯನ್ ಕಪ್ಪನ್ನೇ ಗುರಿಯಾಗಿಟ್ಟುಕೊಂಡು ಐದು ವರ್ಷಗಳ ಯೋಜನೆಯ ಪ್ರಕಾರ ಇಡೀ ದೇಶದಿಂದ ಹುಡುಗರನ್ನು ಆರಿಸಿ ತಂದರು. ಪ್ರೊಸಿನೆಚ್ಕಿ ಬಂದದ್ದು 1987ರಲ್ಲಿ, ಜಾಗ್ರೆಬ್‌ನ ದಿನಾಮೊದಿಂದ. ಅವರ ತಂದೆ ಕ್ರೊಯೇಷಿಯಾದವರು, ತಾಯಿ ಸರ್ಬ್. ಮರುವರ್ಷ ಮಾಂಟೆನೆಗ್ರೊದಿಂದ ಸವಿಚೆವಿಚ್, ಮ್ಯಾಸಿಡೋನಿಯಾದ ವಾರ್ದಾರ್ ತಂಡದಿಂದ ಪಾಂಚೆವ್ ಬಂದರು. ರುಮೇನಿಯಾದ ಸರ್ಬ್ ಅಲ್ಪಸಂಖ್ಯಾತರಲ್ಲಿ ಹುಟ್ಟಿದ ಬೆಲೊದೆದಿಚ್ ತಮ್ಮ ದೇಶದ ಆಡಳಿತದಿಂದ ತಪ್ಪಿಸಿಕೊಂಡು ಗಡಿ ದಾಟಿ ಬಂದರು. ರುಮೇನಿಯಾದ ಸ್ಟೆಯೌವಾ ತಂಡದೊಂದಿಗೆ 1986ರಲ್ಲಿ ಕಪ್ಪು ಗೆದ್ದಿದ್ದ ಅವರು, ಎರಡು ಬೇರೆ ಕ್ಲಬ್ಬುಗಳ ಪರವಾಗಿ ಅದನ್ನು ಗೆದ್ದ ಮೊದಲ ಆಟಗಾರರಾದರು. ಕೊನೆಗೆ ಸೇರಿಕೊಂಡ ಮಿಹಾಯ್ಲೊವಿಚ್ ಹುಟ್ಟಿದ್ದು ಕ್ರೊಯೇಷಿಯಾದ ವುಕೊವಾರ್‌ನಲ್ಲಿ, ಸರ್ಬ್ ತಂದೆ ಮತ್ತು ಕ್ರೊಯಾಟ್ ತಾಯಿಗೆ. ಹೀಗೆ, ಬೆಲ್‌ಗ್ರೇಡ್ ಸರ್ಬಿಯಾದ ರಾಜಧಾನಿಯೇ ಆದರೂ, ಬಾರಿಯಲ್ಲಿ ಕಪ್ಪು ಎತ್ತಿದ ಹನ್ನೊಂದು ಜನರಲ್ಲಿ ಬೆಲೊದೆದಿಚ್ ಒಬ್ಬರನ್ನು ಬಿಟ್ಟು ಉಳಿದವರನ್ನೆಲ್ಲ ಕೊಟ್ಟದ್ದು ಸುಮಾರು ಎರಡು ಕಾಲು ಕೋಟಿ ಜನಸಂಖ್ಯೆಯ, ಆರು ಗಣರಾಜ್ಯಗಳ ಒಕ್ಕೂಟ. ಅಡಿಬರಹವೇ ಸರಿಯಾಗಿತ್ತು. ಲೇಖನದ ತಪ್ಪನ್ನು ತಿದ್ದಿಕೊಳ್ಳುತ್ತೇವೆ.

ಇಂಥ ತಂಡ ಕಟ್ಟುವುದಕ್ಕೆ ಇನ್ನೊಂದು ಆಧಾರವೂ ಇತ್ತು. ಯುಗೊಸ್ಲಾವಿಯಾದ ಆಟಗಾರನಿಗೆ 28 ವರ್ಷ ತುಂಬುವವರೆಗೆ ಹೊರದೇಶದ ಕ್ಲಬ್ಬಿಗೆ ಹೋಗಲು ದಶಕಗಳ ಕಾಲ ಅನುಮತಿ ಇರಲಿಲ್ಲ. ಜಾಯಿಚ್ ಅಂಥವರೇ ಫ್ರಾನ್ಸಿನ ಬಾಸ್ತಿಯಾಕ್ಕೆ ಹೋದದ್ದು 1975ರಲ್ಲಿ, 29ರ ವಯಸ್ಸಿನಲ್ಲಿ. ಆಟಗಾರರ ದೃಷ್ಟಿಯಿಂದ ಇದು ಅನ್ಯಾಯದ ಕಟ್ಟಳೆ ಎಂದೇ ನನ್ನ ಅಭಿಪ್ರಾಯ, ಆದರೆ ಒಳ್ಳೆಯ ಹುಡುಗರು ಒಂದೇ ಅಂಗಳದಲ್ಲಿ ಹತ್ತು ವರ್ಷ ಒಟ್ಟಿಗೆ ಬೆಳೆಯುವುದಕ್ಕೆ ಅದು ಅವಕಾಶ ಮಾಡಿಕೊಟ್ಟಿತ್ತು. ಎಂಬತ್ತರ ದಶಕದ ಕೊನೆಗೆ ಕಟ್ಟಳೆ ಸಡಿಲವಾಯಿತು. 1990ರಲ್ಲಿ ದ್ರಾಗಾನ್ ಸ್ಟೊಯ್ಕೊವಿಚ್ ಮಾರ್ಸೇಗೆ ಹೋದರು. ಬಾರಿಯ ಫೈನಲ್‌ನಲ್ಲಿ ಕೊನೆಗೆ ಬದಲಿ ಆಟಗಾರರಾಗಿ ಇಳಿದ ಅವರು ತಮ್ಮ ಹಳೆಯ ಕ್ಲಬ್ಬಿನ ವಿರುದ್ಧ ಪೆನಾಲ್ಟಿ ಹೊಡೆಯಲು ಒಪ್ಪಲಿಲ್ಲ.

ಹುಟ್ಟಿನ ವಿಚಾರದಲ್ಲೂ ಈ ಕ್ಲಬ್ಬು ಹೊಸ ಯುಗೊಸ್ಲಾವಿಯಾದ ಕೂಸು. 1945ರ ಮಾರ್ಚ್ 4ರಂದು, ಬೆಲ್‌ಗ್ರೇಡ್ ನಾಜಿಗಳಿಂದ ಬಿಡುಗಡೆಯಾಗಿ ಕೆಲವೇ ತಿಂಗಳಾಗಿದ್ದಾಗ, ಫ್ಯಾಸಿಸ್ಟ್ ವಿರೋಧಿ ಯುವಜನ ಸಂಘದವರು ಇದನ್ನು ಸ್ಥಾಪಿಸಿದರು. ಅದೇ ವರ್ಷ ಹೊಸ ಸರ್ಕಾರ ಮುಚ್ಚಿಸಿದ ‘ಯುಗೊಸ್ಲಾವಿಯಾ’ ಎಂಬ ಹಳೆಯ ಕ್ಲಬ್ಬಿನ ಮೈದಾನವೂ ಕೆಂಪು-ಬಿಳಿ ಬಣ್ಣವೂ ಇದರ ಪಾಲಿಗೆ ಬಂದವು. ಅಕ್ಟೋಬರ್‌ನಲ್ಲಿ ಸೇನೆಯವರು ಪಾರ್ಟಿಜಾನ್ ಕ್ಲಬ್ಬು ಕಟ್ಟಿದರು. ಅಂದಿನಿಂದ ಇವೆರಡರ ಹಗೆ ಶುರುವಾಯಿತು. 1958ರ ಫೆಬ್ರವರಿ 5ರಂದು ಮ್ಯಾಂಚೆಸ್ಟರ್ ಯುನೈಟೆಡ್ ಬೆಲ್‌ಗ್ರೇಡಿನಲ್ಲಿ 3-0 ಮುಂದಿದ್ದು 3-3ಕ್ಕೆ ಮುಗಿದ ಪಂದ್ಯವನ್ನು ತಾವೂ ಪತ್ರದಲ್ಲಿ ನೆನೆದಿದ್ದೀರಿ. ಮರುದಿನ ಮ್ಯೂನಿಕ್‌ನಲ್ಲಿ ಅವರ ವಿಮಾನ ಅಪಘಾತಕ್ಕೀಡಾಗಿ ಎಂಟು ಆಟಗಾರರು ಸೇರಿ 23 ಮಂದಿ ತೀರಿಕೊಂಡರು. ಆ ಮಕ್ಕಳ ಕೊನೆಯ ಆಟ ರೆಡ್ ಸ್ಟಾರ್ ಎದುರಿನದು.

ಕ್ಲಬ್ಬಿನ ಮೊದಲ ‘ನಕ್ಷತ್ರ’ ಎಂದು ಗೌರವ ಪಡೆದವರು ರಾಯ್ಕೊ ಮಿತಿಚ್. 1950ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ವಿರುದ್ಧ ಮರಕಾನಾ ಮೈದಾನಕ್ಕೆ ಇಳಿಯುವ ಮುನ್ನ ಅವರ ತಲೆಗೆ ಕಬ್ಬಿಣದ ತೊಲೆ ಬಡಿದು ರಕ್ತ ಸುರಿಯಿತು. ಪಟ್ಟಿ ಕಟ್ಟಿಸಿಕೊಂಡು ಅವರು ಆಟಕ್ಕೆ ಬರುವ ಹೊತ್ತಿಗೆ ಬ್ರೆಜಿಲ್ ಗೋಲು ಹೊಡೆದಾಗಿತ್ತು. 1963ರಲ್ಲಿ ತೆರೆದ ರೆಡ್ ಸ್ಟಾರ್‌ನ ಕ್ರೀಡಾಂಗಣವನ್ನು ಜನ ಆ ಬ್ರೆಜಿಲ್ ಮೈದಾನದ ಹೆಸರಿನಿಂದಲೇ ‘ಮರಕಾನಾ’ ಎಂದು ಕರೆದರು. 2014ರ ಕೊನೆಯಿಂದ ಅದರ ಅಧಿಕೃತ ಹೆಸರು ರಾಯ್ಕೊ ಮಿತಿಚ್ ಕ್ರೀಡಾಂಗಣ. ಈ ಮಿತಿಚ್ ನಮಗೂ ಸಂಬಂಧವಿಲ್ಲದವರಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಭಾರತವನ್ನು 10-1ರಿಂದ ಸೋಲಿಸಿದಾಗ ಅವರು ಎರಡು ಗೋಲು ಹೊಡೆದಿದ್ದರು. ಭಾರತದ ಆ ಒಂದು ಗೋಲು ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಅವರದು.

ಇನ್ನು ಪತನದ ವಿಚಾರ. ಬಾರಿಗೆ ಮೂರು ವಾರ ಮುಂಚೆ, ಮೇ 8ರಂದು, ಬೆಲ್‌ಗ್ರೇಡಿನಲ್ಲಿ ಯುಗೊಸ್ಲಾವ್ ಕಪ್ ಫೈನಲ್‌ನಲ್ಲಿ ಕ್ರೊಯೇಷಿಯಾದ ಹಾಯ್ದುಕ್ ಸ್ಪ್ಲಿಟ್ ತಂಡ ರೆಡ್ ಸ್ಟಾರನ್ನು 1-0ರಿಂದ ಸೋಲಿಸಿತು. ಸರ್ಬ್-ಕ್ರೊಯಾಟ್ ಸಂಘರ್ಷದಲ್ಲಿ ವುಕೊವಾರ್ ಸುತ್ತ ಆಗಲೇ ಹೆಣಗಳು ಬಿದ್ದಿದ್ದವು, ಮಿಹಾಯ್ಲೊವಿಚ್ ಅವರ ಹೆತ್ತವರು ಅಲ್ಲೇ ಇದ್ದರು; ಮೈದಾನದಲ್ಲಿ ಮಿಹಾಯ್ಲೊವಿಚ್ ಅವರಿಗೂ ಹಾಯ್ದುಕ್‌ನ ಇಗೊರ್ ಸ್ಟಿಮಾಚ್ ಅವರಿಗೂ ಆದ ಜಗಳದ ಕಹಿ ಬಹುಕಾಲ ಉಳಿಯಿತು. ಈ ಸ್ಟಿಮಾಚ್ ಅವರೇ ಮುಂದೆ 2019ರಿಂದ 2024ರವರೆಗೆ ಭಾರತ ತಂಡದ ಕೋಚ್ ಆಗಿದ್ದವರು. 2023ರಲ್ಲಿ ಕಂಠೀರವದಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಗೆದ್ದದ್ದು ಅವರ ತಂಡ. ಬಾರಿಯ ಫೈನಲ್ ಮುಗಿದು ನಾಲ್ಕು ವಾರಕ್ಕೆ ಕ್ರೊಯೇಷಿಯಾ ಮತ್ತು ಸ್ಲೊವೇನಿಯಾ ಸ್ವಾತಂತ್ರ್ಯ ಘೋಷಿಸಿದವು. ಪ್ರೊಸಿನೆಚ್ಕಿ ರಿಯಲ್ ಮ್ಯಾಡ್ರಿಡ್‌ಗೆ ಹೋದರು. ಉಳಿದವರು ಡಿಸೆಂಬರ್ 8ರಂದು ಟೋಕಿಯೋದಲ್ಲಿ, ಸವಿಚೆವಿಚ್ ಅವರಿಗೆ ರೆಡ್ ಕಾರ್ಡ್ ಬಿದ್ದ ಮೇಲೂ ಹತ್ತೇ ಮಂದಿಯಲ್ಲಿ, ಚಿಲಿಯ ಕೊಲೊ-ಕೊಲೊ ತಂಡವನ್ನು 3-0ರಿಂದ ಸೋಲಿಸಿ ವಿಶ್ವದ ಕ್ಲಬ್ ಚಾಂಪಿಯನ್ ಆದರು. ಆ ಋತುವಿನ ಯುರೋಪಿಯನ್ ಪಂದ್ಯಗಳಲ್ಲಿ ‘ತವರಿನ’ ಪಂದ್ಯಗಳನ್ನೂ ಹಂಗರಿ, ಬಲ್ಗೇರಿಯಾಗಳಲ್ಲಿ ಆಡಬೇಕಾಯಿತು. 1992ರ ಮೇ 30ರಂದು, ಯುದ್ಧದ ಕಾರಣಕ್ಕೆ, ಸರ್ಬಿಯಾ-ಮಾಂಟೆನೆಗ್ರೊಗಳಷ್ಟೇ ಉಳಿದಿದ್ದ ಯುಗೊಸ್ಲಾವಿಯಾದ ಮೇಲೆ ವಿಶ್ವಸಂಸ್ಥೆಯ ನಿರ್ಬಂಧ ಬಂತು. ಕ್ಲಬ್ಬು ಯುರೋಪಿನಿಂದಲೇ ಹೊರಬಿತ್ತು. ಸವಿಚೆವಿಚ್ ಮಿಲಾನ್‌ಗೆ, ಪಾಂಚೆವ್ ಇಂಟರ್‌ಗೆ, ಮಿಹಾಯ್ಲೊವಿಚ್ ರೋಮಾಕ್ಕೆ, ಯುಗೊವಿಚ್ ಸಂಪ್ದೋರಿಯಾಕ್ಕೆ ಒಂದೇ ಬೇಸಿಗೆಯಲ್ಲಿ ಹೊರಟುಹೋದರು.

ಕ್ಲಬ್ಬನ್ನು ಬರೀ ಯುದ್ಧದ ಬಲಿಪಶು ಎಂದು ಬರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದರ ಅಭಿಮಾನಿಗಳ ಗುಂಪಿಗೆ ಆಗ ಮುಂದಾಳಾಗಿದ್ದವನು ಆರ್ಕಾನ್ ಎಂದು ಕುಖ್ಯಾತನಾದ ಝೆಲ್ಕೊ ರಜ್ನಾತೊವಿಚ್. ಅದೇ ಗ್ಯಾಲರಿಯಿಂದ ಯುವಕರನ್ನು ಸೇರಿಸಿಕೊಂಡು ಅವನು ಕಟ್ಟಿದ ಖಾಸಗಿ ಸೇನೆ ಕ್ರೊಯೇಷಿಯಾ, ಬೋಸ್ನಿಯಾಗಳಲ್ಲಿ ಕ್ರೌರ್ಯ ಎಸಗಿತು; ಬೋಸ್ನಿಯಾದಲ್ಲಿ ನಡೆದುದಕ್ಕಾಗಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಅವನ ಮೇಲೆ ಆರೋಪ ಹೊರಿಸಿತು. ಹಲವು ಕುಲಗಳ ಹುಡುಗರು ಒಂದೇ ಅಂಗಿ ತೊಟ್ಟು ಮೈದಾನದಲ್ಲಿ ಆಡುತ್ತಿದ್ದಾಗ, ಅವರಿಗೆ ಜೈಕಾರ ಕೂಗುತ್ತಿದ್ದ ಸಾಲುಗಳಲ್ಲಿ ಬೇರೊಂದು ಕೆಲಸ ನಡೆಯುತ್ತಿತ್ತು. ಆ ಕಾಲದ ಬಗ್ಗೆ ಓದುವಾಗ ನನ್ನನ್ನು ಅತಿಯಾಗಿ ಕಲಕುವುದು ಈ ಸಂಗತಿಯೇ.

ಆದರೂ ತಮ್ಮ ಪ್ರಶ್ನೆಗೆ ನನ್ನ ಉತ್ತರ: ಯುದ್ಧವೊಂದೇ ಕಾರಣವಲ್ಲ. ನಿರ್ಬಂಧ ತೆರವಾಗಿ ಕ್ಲಬ್ಬು ಯುರೋಪಿಗೆ ಮರಳಿದ ಕೆಲವೇ ತಿಂಗಳಿಗೆ, ಒಪ್ಪಂದ ಮುಗಿದ ಆಟಗಾರ ವರ್ಗಾವಣೆ ಹಣವಿಲ್ಲದೆ ಕ್ಲಬ್ಬು ಬದಲಿಸಬಹುದು ಎಂದ 1995ರ ಡಿಸೆಂಬರ್‌ನ ಬೋಸ್ಮನ್ ತೀರ್ಪು ಆಟಗಾರರ ಮಾರುಕಟ್ಟೆಯನ್ನು ತೆರೆದಿಟ್ಟಿತು. ಟೆಲಿವಿಷನ್ ಹಣ ಪಶ್ಚಿಮದ ನಾಲ್ಕೈದು ಲೀಗುಗಳಿಗೆ ಹರಿಯತೊಡಗಿತ್ತು. ಯುದ್ಧ ನಡೆಯದೇ ಇದ್ದಿದ್ದರೂ ಪ್ರೊಸಿನೆಚ್ಕಿಯಂಥವರನ್ನು ಬೆಲ್‌ಗ್ರೇಡ್ ಬಹುಕಾಲ ಉಳಿಸಿಕೊಳ್ಳಲು ಆಗುತ್ತಿರಲಿಲ್ಲ. ಯುದ್ಧ ಕಿತ್ತುಕೊಂಡದ್ದು ಆಟಗಾರರು ಬರುತ್ತಿದ್ದ ಊರುಗಳನ್ನು: ಸ್ಕೋಪಿಯೆ, ಜಾಗ್ರೆಬ್, ವುಕೊವಾರ್ ಮೂರೂ ಪರದೇಶವಾದವು. ಸುಮಾರು ಅರವತ್ತಾರು ಲಕ್ಷ ಜನರ ಇಂದಿನ ಸರ್ಬಿಯಾದಲ್ಲಿ ಕ್ಲಬ್ಬು 2017-18ರಿಂದ 2024-25ರವರೆಗೆ ಸತತ ಎಂಟು ಬಾರಿ ಲೀಗ್ ಗೆದ್ದಿದೆ. ಅದಕ್ಕೂ ಮುಂಚೆ, 2014ರಲ್ಲಿ, ಲೀಗ್ ಗೆದ್ದೂ ಬಾಕಿ ಸಾಲದ ಕಾರಣಕ್ಕೆ ಚಾಂಪಿಯನ್ಸ್ ಲೀಗ್‌ನಿಂದ ಹೊರಗುಳಿದ ಅವಮಾನವನ್ನೂ ಉಂಡಿತ್ತು. 2018ರ ನವೆಂಬರ್ 6ರಂದು ಮಿಲಾನ್ ಪಾವ್ಕೊವ್ ಎಂಬ ಆಟಗಾರ ಎರಡು ಗೋಲು ಹೊಡೆದು ಲಿವರ್‌ಪೂಲನ್ನು ಸೋಲಿಸಿದಾಗ ಮರಕಾನಾ ಹಳೆಯ ದಿನಗಳಂತೆ ಗುಡುಗಿತು. ಆ ಋತುವಿನ ಕಪ್ಪು ಮಾತ್ರ ಲಿವರ್‌ಪೂಲಿಗೇ ಹೋಯಿತು.

ಮುಂದಿನ ಸಂಚಿಕೆಯಿಂದ 1991ರ ವಿಜಯದ ಉಲ್ಲೇಖ ಬಂದಲ್ಲೆಲ್ಲ ನಾವು ‘ಯುಗೊಸ್ಲಾವಿಯಾದ ರೆಡ್ ಸ್ಟಾರ್’ ಎಂದೇ ಬರೆಯುತ್ತೇವೆ. ಯುರೋಪಿನ ಫುಟ್‌ಬಾಲ್ ಒಕ್ಕೂಟವೂ ಆ ಕಪ್ಪನ್ನು ಆ ದೇಶದ ಲೆಕ್ಕದಲ್ಲಿಯೇ ಇಟ್ಟಿದೆ. ತಮ್ಮ ಅಣ್ಣನವರು ಅಹ್ಮದ್ ಖಾನರ ಆಟವನ್ನು ಬೆಂಗಳೂರಿನಲ್ಲಿ ಕಣ್ಣಾರೆ ಕಂಡವರೆಂದೂ, ಹೆಲ್ಸಿಂಕಿ ತಂಡದ ಚಿತ್ರವಿರುವ ಪತ್ರಿಕೆಯ ತುಣುಕನ್ನು ಟ್ರಂಕಿನಲ್ಲಿ ಕಾಪಾಡಿದ್ದಾರೆಂದೂ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ದಯವಿಟ್ಟು ಅದರ ಪ್ರತಿಯೊಂದನ್ನು ತೆಗೆಸಿ ಕಳುಹಿಸಿಕೊಡಿ. ಮೂಲವನ್ನು ಅಂಚೆಗೆ ಹಾಕುವುದು ಬೇಡ.

ತಮ್ಮ ವಿಶ್ವಾಸಿ,
ಸಂಪಾದಕ