ಮಾಳಿಗೆಯ ಮೇಲಿನ ಗಾಳಿಯಂತ್ರ ಕೊಳ್ಳಲು ಯೋಗ್ಯವೇ?

ಪ್ರಶ್ನೆ: ಸೇಡಂ ರಸ್ತೆಯ ಬಡಾವಣೆಯೊಂದರಲ್ಲಿ ನಮ್ಮದು ಎರಡಂತಸ್ತಿನ ಮನೆ. ಮಾಳಿಗೆಯ ಮೇಲೆ ಗಾಳಿ ಚೆನ್ನಾಗಿದೆ. ಆಷಾಢದಲ್ಲಂತೂ ಒಣಹಾಕಿದ ಬಟ್ಟೆ ಹಗ್ಗದ ಮೇಲೆ ನಿಲ್ಲುವುದಿಲ್ಲ. 1 ಕಿಲೋವ್ಯಾಟಿನ, 2 ಮೀಟರ್ ಅಡ್ಡಳತೆಯ ಗಾಳಿಯಂತ್ರವನ್ನು ಬ್ಯಾಟರಿ ಹೊರತುಪಡಿಸಿ 1.2 ಲಕ್ಷ ರೂಪಾಯಿಗೆ ಕೂರಿಸಿಕೊಡುವುದಾಗಿ ವ್ಯಾಪಾರಿಯೊಬ್ಬರು ಹೇಳುತ್ತಿದ್ದಾರೆ. ಸೋಲಾರ್ ಹಗಲು ಮಾತ್ರ, ಇದು ಹಗಲಿರುಳೂ ತಿರುಗುತ್ತದೆ ಎಂಬುದು ಅವರ ವಾದ. ಕೊಳ್ಳಬಹುದೇ?
– ಒಬ್ಬ ಓದುಗರು, ಕಲಬುರಗಿ

ಉತ್ತರ: ತಾವು ವಿವರಿಸಿರುವ ಜಾಗಕ್ಕೆ, ಆ ಬೆಲೆಗೆ, ಬೇಡ. 1 ಕಿಲೋವ್ಯಾಟ್ ಎಂಬುದು ಎಷ್ಟು ಜೋರಾದ ಗಾಳಿಗೆ ಹೇಳಿದ ಮಾತು ಎಂಬುದನ್ನು ಮೊದಲು ಕೇಳಬೇಕಿತ್ತು. ಇಂಥ ಯಂತ್ರಗಳ ಮೇಲೆ ಬರೆದಿರುವ ಸಾಮರ್ಥ್ಯವು ಸಾಮಾನ್ಯವಾಗಿ ಸೆಕೆಂಡಿಗೆ 11ರಿಂದ 12 ಮೀಟರ್, ಅಂದರೆ ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗದ ಗಾಳಿಗೆ ಸಂಬಂಧಿಸಿದ್ದು. ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನವನ್ನು ಅನುಸರಿಸುವುದರಿಂದ, ವೇಗ ಅರ್ಧಕ್ಕಿಳಿದರೆ ಶಕ್ತಿ ಎಂಟರಲ್ಲಿ ಒಂದು ಪಾಲಿಗೂ, ಕಾಲುಭಾಗಕ್ಕಿಳಿದರೆ ಅರವತ್ತನಾಲ್ಕರಲ್ಲಿ ಒಂದು ಪಾಲಿಗೂ ಕುಸಿಯುತ್ತದೆ. ವ್ಯಾಪಾರಿಯ ಚೀಟಿಯಲ್ಲಿ ಕಾಣಿಸದೆ ಇರುವ ಸಂಗತಿ ಇದೇ.

ಮನೆಗಳ ನಡುವಿನ ಮಾಳಿಗೆಗೆ ವರ್ಷದ ಸರಾಸರಿ ವೇಗ ಸೆಕೆಂಡಿಗೆ 3 ಮೀಟರ್ ಎಂದು ಹಿಡಿಯೋಣ. 2 ಮೀಟರ್ ಅಡ್ಡಳತೆಯ ಚಕ್ರ ಗುಡಿಸುವ ವಿಸ್ತಾರ 3.14 ಚದರ ಮೀಟರ್. ನಮ್ಮ ಬಿಸಿ ನಾಡಿನಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.1 ಕಿಲೋ ಇರುವುದರಿಂದ, ಆ ವೇಗದಲ್ಲಿ ಚಕ್ರದ ಮೂಲಕ ಹಾದುಹೋಗುವ ಶಕ್ತಿಯೇ 47 ವ್ಯಾಟ್. ಅದರಲ್ಲಿ ಯಾವ ಯಂತ್ರವೂ ಶೇ. 59.3ಕ್ಕಿಂತ ಹೆಚ್ಚು ಹಿಡಿಯಲಾರದೆಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ ನೂರು ವರ್ಷಗಳ ಹಿಂದೆಯೇ ತೋರಿಸಿದ್ದಾರೆ. ಸಣ್ಣ ಯಂತ್ರಗಳು ವಾಸ್ತವದಲ್ಲಿ ಶೇ. 25ರ ಆಸುಪಾಸಿನಲ್ಲಿರುತ್ತವೆ. ಹಾಗಾಗಿ ಸಿಗುವುದು 12 ವ್ಯಾಟ್, ಒಂದು ಎಲ್‌ಇಡಿ ಬಲ್ಬಿಗಾಗುವಷ್ಟು. ನಡುನಡುವೆ ಜೋರಾಗುವ ಗಾಳಿಯ ಪಾಲನ್ನು ಸೇರಿಸಿ ಇದನ್ನು ಇಮ್ಮಡಿ ಮಾಡಿದರೂ ದಿನಕ್ಕೆ ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚು, ತಿಂಗಳಿಗೆ ಸುಮಾರು 17 ಯೂನಿಟ್ ಅಷ್ಟೇ. ಯೂನಿಟ್ಟಿಗೆ 6 ರೂಪಾಯಿಯಂತೆ ತಿಂಗಳಿಗೆ ಉಳಿಯುವುದು ಸುಮಾರು ನೂರು ರೂಪಾಯಿ, 1.2 ಲಕ್ಷ ಮರಳಿ ಬರಲು ಸುಮಾರು ನೂರು ವರ್ಷ ಬೇಕು. ಸರಾಸರಿ ವೇಗ 4 ಮೀಟರ್ ಇದೆಯೆಂದು ಉದಾರವಾಗಿ ಒಪ್ಪಿಕೊಂಡರೂ ನಲವತ್ತು ವರ್ಷ ದಾಟುತ್ತದೆ, ಯಂತ್ರ ಅಷ್ಟು ಕಾಲ ಬಾಳುವುದಿಲ್ಲ. ತಮ್ಮ ಬಳಕೆ ಈಗಾಗಲೇ ಗೃಹಜ್ಯೋತಿಯ ಮಿತಿಯೊಳಗಿದ್ದು ಬಿಲ್ಲು ಸೊನ್ನೆ ಬರುತ್ತಿದ್ದರೆ, ಆ ನೂರು ರೂಪಾಯಿಯೂ ಉಳಿಯುವುದಿಲ್ಲ.

ಬಟ್ಟೆ ಹಾರುವುದು ಗಾಳಿಯ ಗುರುತು ಹೌದಾದರೂ ಒಳ್ಳೆಯ ಗಾಳಿಯ ಗುರುತಲ್ಲ. ಪ್ಯಾರಾಪೆಟ್ಟು, ನೀರಿನ ಟಾಕಿ, ಪಕ್ಕದ ಮನೆಯ ಮೆಟ್ಟಿಲ ಕೋಣೆ ಇವುಗಳಿಗೆ ಬಡಿದು ಬರುವ ಗಾಳಿ ಸುತ್ತುತ್ತಾ, ದಿಕ್ಕು ಬದಲಿಸುತ್ತಾ ಬರುತ್ತದೆ. ಯಂತ್ರ ಅದರ ಹಿಂದೆ ತಲೆ ತಿರುಗಿಸುವುದರಲ್ಲೇ ಸಮಯ ಕಳೆಯುತ್ತದೆ, ಬೇರಿಂಗು ಬೇಗ ಸವೆಯುತ್ತದೆ, ಅದರ ನಡುಕ ಕಂಬದ ಮೂಲಕ ಕೆಳಗಿನ ಮಲಗುವ ಕೋಣೆಗೂ ಇಳಿಯುತ್ತದೆ. ರೆಕ್ಕೆಯ ಕೆಳತುದಿಯು ಸುತ್ತಲೂ 150 ಮೀಟರ್ ದೂರದೊಳಗಿನ ಎಲ್ಲ ಅಡೆತಡೆಗಳಿಗಿಂತ ಕನಿಷ್ಠ 9 ಮೀಟರ್ ಮೇಲಿರಬೇಕೆಂಬುದು ಈ ಕೆಲಸದಲ್ಲಿ ಪಳಗಿದವರು ಪಾಲಿಸುವ ನಿಯಮ. ಬಡಾವಣೆಯ ಮಾಳಿಗೆಯ ಮೇಲೆ ಅಂಥ ಕಂಬ ನಿಲ್ಲಿಸುವವರು ಯಾರು? ಬ್ರಿಟನ್ನಿನಲ್ಲಿ 2007ರಿಂದ ನಡೆದ ವಾರ್ವಿಕ್ ಪರೀಕ್ಷೆಯಲ್ಲಿ ಕಟ್ಟಡಗಳ ಮೇಲಿನ 26 ಯಂತ್ರಗಳನ್ನು ಅಳೆದಾಗ, ನಿಂತಿದ್ದ ಅವಧಿಯನ್ನೂ ಸೇರಿಸಿ ಒಂದೊಂದರ ಸರಾಸರಿ ಉತ್ಪಾದನೆ ದಿನಕ್ಕೆ ಕಾಲು ಯೂನಿಟ್ಟಿಗಿಂತ ಕಡಿಮೆಯಿತ್ತು. ನಮಗಿಂತ ಹೆಚ್ಚು ಗಾಳಿಯ ದೇಶದ ಕಥೆ ಅದು.

ಹಗಲಿರುಳಿನ ವಾದವೂ ನಿಲ್ಲುವುದಿಲ್ಲ. ನೆಲದ ಸಮೀಪದ ಗಾಳಿ ಸಾಮಾನ್ಯವಾಗಿ ಮಧ್ಯಾಹ್ನ ಬಲವಾಗಿದ್ದು ಹೊತ್ತು ಮುಳುಗಿದ ಮೇಲೆ ಇಳಿಯುತ್ತದೆ. ರಾತ್ರಿ ಗಾಳಿ ಜೋರಾಗುವುದು ನೂರು ಮೀಟರ್ ಎತ್ತರದಲ್ಲಿ; ಗದಗ, ಚಿತ್ರದುರ್ಗದ ಕಡೆಯ ದೊಡ್ಡ ಯಂತ್ರಗಳನ್ನು ಅಷ್ಟೆತ್ತರಕ್ಕೆ ಒಯ್ಯುವುದು ಸುಮ್ಮನೆ ಅಲ್ಲ.

ಬಿಲ್ಲು ಬರುತ್ತಿದ್ದರೆ ಅದೇ ಹಣವನ್ನು ಸೋಲಾರಿಗೆ ಹಾಕಿ. 1 ಕಿಲೋವ್ಯಾಟ್ ಫಲಕ ನಮ್ಮ ಬಿಸಿಲಿಗೆ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ, ಮೇಲಾಗಿ ಪಿಎಂ ಸೂರ್ಯ ಘರ್ ಯೋಜನೆಯಡಿ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಅಥವಾ ಅದಕ್ಕಿಂತ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನವಿದೆ.

ಪ್ರಶ್ನೆ: ಬಸವಕಲ್ಯಾಣ ತಾಲ್ಲೂಕಿನ ನಮ್ಮ ಹೊಲದ ಮನೆಗೆ ಕರೆಂಟಿನ ಲೈನ್ ದೂರ. ಸೋಲಾರ್ ಫಲಕ ಮತ್ತು ಬ್ಯಾಟರಿ ಇವೆ, ಆದರೆ ಮಳೆಗಾಲದ ಮೋಡದಲ್ಲಿ ಬ್ಯಾಟರಿ ತುಂಬುವುದಿಲ್ಲ. ಸಣ್ಣ ಗಾಳಿಯಂತ್ರ ಸೇರಿಸಬಹುದೇ?
– ಒಬ್ಬ ರೈತರು, ಬೀದರ್ ಜಿಲ್ಲೆ

ಉತ್ತರ: ತಮ್ಮ ವಿಷಯ ಬೇರೆ. ಬಯಲು ಹೊಲ, ಲೈನಿಲ್ಲದ ಜಾಗ, ಸೋಲಾರ್ ಸೊರಗುವ ಜೂನ್‌ನಿಂದ ಆಗಸ್ಟ್‌ವರೆಗೆ ನೈಋತ್ಯದ ಗಾಳಿ: ಸಣ್ಣ ಗಾಳಿಯಂತ್ರಕ್ಕೆ ಅರ್ಥವಿರುವುದು ಇಂಥಲ್ಲೇ. ಆದರೂ ಮೊದಲು ಇನ್ನೊಂದು ಫಲಕ ಸೇರಿಸಿ ಒಂದು ಮಳೆಗಾಲ ನೋಡಿ. ಅದು ಅಗ್ಗ, ಅದರಲ್ಲಿ ತಿರುಗುವ ಭಾಗವಿಲ್ಲ. ಸಾಲದಿದ್ದರೆ ಗಾಳಿ ಅಳೆಯಿರಿ. ತೆಳು ಬಟ್ಟೆಯ ಬಾವುಟ ನೇರವಾಗಿ ಬಿಚ್ಚಿ ನಿಂತರೆ ವೇಗ ಸೆಕೆಂಡಿಗೆ ಸುಮಾರು 3.5ರಿಂದ 5.5 ಮೀಟರ್, ಎಲೆ ಮಾತ್ರ ಸರಸರ ಎಂದರೆ ಅದಕ್ಕಿಂತ ಕಡಿಮೆ. ಹಣ ಹಾಕುವ ಮುನ್ನ ದಾಖಲಿಸಿಡುವ ಗಾಳಿಮಾಪಕವನ್ನು ಕಂಬದ ಎತ್ತರದಲ್ಲೇ ಕಟ್ಟಿ, ಮಳೆಗಾಲವನ್ನಷ್ಟೇ ಅಲ್ಲದೆ ದೀಪಾವಳಿಯ ನಂತರದ ಮಂದಗಾಳಿಯ ತಿಂಗಳುಗಳನ್ನೂ ಅಳೆಯುವುದು ಕ್ಷೇಮ.

ಸರಾಸರಿ 4.5 ಮೀಟರ್ ದಾಟಿದರೆ ಮುಂದುವರಿಯಬಹುದು. ಮಾರುವವರಿಂದ 4 ಮೀಟರ್ ಸರಾಸರಿ ಗಾಳಿಗೆ ವರ್ಷಕ್ಕೆ ಎಷ್ಟು ಯೂನಿಟ್ ಎಂಬುದನ್ನು ಬರಹದಲ್ಲಿ ಪಡೆಯಿರಿ, ಸಣ್ಣ ಯಂತ್ರಗಳ ಮಾನದಂಡವಾದ ಐಇಸಿ 61400-2ರ ಪ್ರಮಾಣಪತ್ರ ಕೇಳಿ. ಬ್ಯಾಟರಿ ತುಂಬಿದ ಮೇಲೆ ಹೆಚ್ಚುವರಿ ವಿದ್ಯುತ್ತನ್ನು ಸುಟ್ಟು ಕಳೆಯುವ ವ್ಯವಸ್ಥೆ ಇರಲೇಬೇಕು. ಇಲ್ಲದಿದ್ದರೆ ಹೊರೆಯಿಲ್ಲದ ಚಕ್ರ ಮಿತಿಮೀರಿ ತಿರುಗಿ ರೆಕ್ಕೆ ಮುರಿಯುತ್ತದೆ. ಕಂಬವನ್ನು ಬುಡದಲ್ಲಿ ಕೀಲಿಟ್ಟು ನೆಲಕ್ಕೆ ಮಲಗಿಸುವಂತೆ ಮಾಡಿಸಿ. ಏಪ್ರಿಲ್-ಮೇ ತಿಂಗಳ ಬಿರುಗಾಳಿಯ ಸೂಚನೆ ಬಂದ ದಿನ ಇಳಿಸಿಡಲೂ ರಿಪೇರಿಗೂ ಅನುಕೂಲ.