ಕಣ್ಣಿನ ಪ್ರೆಶರ್ ಒಂದು ಸಲ 24, ಇನ್ನೊಂದು ಸಲ 19. ಯಾವುದು ಸರಿ?

ಹೋದ ತಿಂಗಳು 24 ಇತ್ತು, ಈ ತಿಂಗಳು ಹನಿ ಹಾಕದೇ 19 ಬಂದಿದೆ, ಯಾವುದನ್ನು ನಂಬಲಿ, ಡ್ರಾಪ್ಸ್ ಬೇಕಾ ಅಂತ ಕೇಳಿದ್ದೀರಿ. ಎರಡೂ ಸರಿ ಇರಬಹುದು. ಗ್ಲಾಕೋಮಾ (ಕಣ್ಣಿನ ನರ ಹಾಳಾಗಿ ದೃಷ್ಟಿ ಕುಗ್ಗುವ ಕಾಯಿಲೆ) ಔಷಧಿಯ ಒಂದು ಅಧ್ಯಯನದಲ್ಲಿ ಪ್ರೆಶರ್ ಅಳೆಯುವುದೇ ನನ್ನ ಕೆಲಸವಾಗಿತ್ತು. ಆಮೇಲೆ ಒಂದೇ ಒಂದು ಅಳತೆಯನ್ನು ನಂಬುವುದು ಬಿಟ್ಟುಬಿಟ್ಟೆ.

ಗೋಲ್ಡ್‌ಮನ್ ಟೋನೋಮೀಟರ್‌ನಲ್ಲಿ ಅಳೆಯುವುದು ಹೀಗೆ. ಕಣ್ಣಿಗೆ ಮರಗಟ್ಟುವ ಹನಿ, ಸ್ವಲ್ಪ ಹಳದಿ ಬಣ್ಣ, ನೀಲಿ ಬೆಳಕು. ನಮಗೆ ಒಡೆದ ಬಳೆಯ ಚೂರುಗಳ ಹಾಗೆ ಎರಡು ಹಸಿರು ಕಮಾನು ಕಾಣುತ್ತವೆ. ಅವುಗಳ ಒಳ ಅಂಚು ಒಂದಕ್ಕೊಂದು ತಾಗುವ ತನಕ ಗುಂಡಿ ತಿರುಗಿಸಬೇಕು. ಆದರೆ ಅವು ಸುಮ್ನೆ ನಿಲ್ಲುವುದಿಲ್ಲ, ನಾಡಿಯ ಜೊತೆ ಮಿಡಿಯುತ್ತಿರುತ್ತವೆ. ಎಲ್ಲಿ ನಿಲ್ಲಿಸಬೇಕು ಅನ್ನುವುದು ಕೈಗೆ ಬಿಟ್ಟದ್ದು. ಹೋದ ಸಲ 18 ಇತ್ತು ಅಂತ ಗೊತ್ತಿದ್ದರೆ ಕೈ 18ರ ಹತ್ತಿರವೇ ನಿಲ್ಲುತ್ತದೆ, ಬೇಡ ಅಂದರೂ! ಅದಕ್ಕೇ ಒಳ್ಳೆ ಅಧ್ಯಯನಗಳಲ್ಲಿ ಗುಂಡಿ ತಿರುಗಿಸುವವರು ಒಬ್ಬರು, ಅಂಕಿ ಓದಿ ಬರೆಯುವವರು ಇನ್ನೊಬ್ಬರು.

ಇನ್ನು ನಿಮ್ಮ ಕಡೆಯಿಂದ. ಉಸಿರು ಬಿಗಿಹಿಡಿದರೆ, ರೆಪ್ಪೆ ಬಿಗಿದರೆ, ಕಾಲರ್ ಕುತ್ತಿಗೆಯನ್ನು ಒತ್ತಿದರೆ ಅಂಕಿ ಏರುತ್ತದೆ. ದಿನದ ಹೊತ್ತಿಗೆ ತಕ್ಕ ಹಾಗೆ ಪ್ರೆಶರ್ ತಾನಾಗಿಯೂ ಬದಲಾಗುತ್ತದೆ. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ದಪ್ಪ ಇದ್ದವರಿಗೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ತೆಳು ಇದ್ದವರಿಗೆ ಕಡಿಮೆ. ತೆಳು ಇದ್ದವರದ್ದೇ ನನಗೆ ಹೆಚ್ಚು ಚಿಂತೆ.

ಡ್ರಾಪ್ಸ್ ವಿಷಯ. ಪ್ರೆಶರ್ ಜಾಸ್ತಿ ಇದ್ದು ಕಣ್ಣಿನ ನರ ಚೆನ್ನಾಗಿಯೇ ಇದ್ದ 1,636 ಜನರ ಮೇಲೆ ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು, 2002ರಲ್ಲಿ ಫಲಿತಾಂಶ ಬಂತು. ಐದು ವರ್ಷದಲ್ಲಿ ಹನಿ ಹಾಕಿದವರಲ್ಲಿ ಶೇ. 4.4 ಜನಕ್ಕೆ ಗ್ಲಾಕೋಮಾ ಬಂತು, ಹಾಕದವರಲ್ಲಿ ಶೇ. 9.5. ಅಪಾಯ ಅರ್ಧಕ್ಕಿಂತ ಕಡಿಮೆಯಾಯಿತು, ನಿಜ. ಆದರೆ ಹನಿ ಇಲ್ಲದೆಯೂ ನೂರಕ್ಕೆ ತೊಂಬತ್ತು ಜನಕ್ಕೆ ಆ ಐದು ವರ್ಷ ಏನೂ ಆಗಲಿಲ್ಲ, ಅಲ್ವಾ?

ಹಾಗಂತ 19 ನೋಡಿ ನೆಮ್ಮದಿಯಾಗಿ ಕೂರಬೇಡಿ. ಬ್ರಿಟನ್ನಿನಲ್ಲಿ ಆಗಲೇ ಗ್ಲಾಕೋಮಾ ಇದ್ದ 516 ಜನರಲ್ಲಿ ಅರ್ಧದಷ್ಟು ಜನಕ್ಕೆ ಪ್ರೆಶರ್ ಇಳಿಸುವ ಲಟಾನೋಪ್ರೋಸ್ಟ್ ಹನಿ, ಉಳಿದವರಿಗೆ ಔಷಧಿ ಇಲ್ಲದ ಹನಿ ಕೊಟ್ಟರು. ಶುರುವಿನಲ್ಲಿ ಅವರ ಸರಾಸರಿ ಪ್ರೆಶರ್ ಸುಮಾರು 20 ಅಷ್ಟೇ! ಎರಡು ವರ್ಷದೊಳಗೆ ಔಷಧಿ ಇಲ್ಲದ ಹನಿಯವರಲ್ಲಿ ನೂರಕ್ಕೆ ಸುಮಾರು 26 ಜನರ ದೃಷ್ಟಿಯ ಹರವು ಇನ್ನಷ್ಟು ಕುಗ್ಗಿತು, ಔಷಧಿ ಹಾಕಿದವರಲ್ಲಿ ಸುಮಾರು 15. 21ರ ಒಳಗಿದ್ದರೆ ಸೇಫ್ ಅನ್ನುವ ಮಾತು ನಂಬಬೇಡಿ.

ಹಾಗಾಗಿ ಡಾಕ್ಟರ್ ಹತ್ತಿರ ಕೇಳಬೇಕಾದದ್ದು 24ಆ 19ಆ ಅಂತಲ್ಲ. ನರ ಹೇಗಿದೆ, ದೃಷ್ಟಿಯ ಹರವು ನೋಡುವ ಫೀಲ್ಡ್ ಟೆಸ್ಟ್ ಏನು ಹೇಳುತ್ತದೆ, ಕಾರ್ನಿಯಾ ದಪ್ಪ ಅಳೆದಿದ್ದಾರಾ, ಇದನ್ನು ಕೇಳಿ. ಬೇರೆ ಬೇರೆ ಹೊತ್ತಿನಲ್ಲಿ ಇನ್ನೆರಡು ಸಲ ಪ್ರೆಶರ್ ನೋಡಿಸಿ, ಅಂಕಿಯ ಪಕ್ಕ ಗಂಟೆಯನ್ನೂ ಬರೆದಿಟ್ಟುಕೊಳ್ಳಿ. ಮತ್ತೆ, ಮಷೀನ್ ಮುಂದೆ ಕೂರುವ ಮೊದಲು ಕಾಲರ್ ಗುಂಡಿ ಬಿಚ್ಚಿಬಿಡಿ.